ದುಬಾರಿ ವೈರ್‌ಲೆಸ್ ಹೆಡ್‌ಫೋನ್: ಕನ್ನಡಕ ಹಾಕಿಕೊಂಡೇ ಪರೀಕ್ಷಿಸಿ

ಪ್ರಶ್ನೆ: ನಾನು ಮಂಡ್ಯದವನು, ವಯಸ್ಸು 54. ವಾರಕ್ಕೆ ಐದು ದಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ದಾರಿಯಲ್ಲಿ ಕರ್ನಾಟಕ ಸಂಗೀತ, ಅದರಲ್ಲೂ ವೀಣೆ ಕೇಳುವುದು ನನ್ನ ಅಭ್ಯಾಸ. ಸುಮಾರು 30 ಸಾವಿರ ರೂಪಾಯಿಯೊಳಗೆ ಕಿವಿಯನ್ನು ಪೂರ್ತಿ ಮುಚ್ಚುವ ಒಳ್ಳೆಯ ವೈರ್‌ಲೆಸ್ ಹೆಡ್‌ಫೋನ್ ಕೊಳ್ಳಬೇಕೆಂದಿದ್ದೇನೆ. ಮೈಸೂರಿನ ಅಂಗಡಿಯಲ್ಲಿ ಮೂರನ್ನು ಹಾಕಿ ನೋಡಿದಾಗ ಮೂರೂ ಚೆನ್ನಾಗಿಯೇ ಕೇಳಿಸಿದವು. ಆದರೆ ಅವುಗಳಲ್ಲೊಂದನ್ನು ಸ್ನೇಹಿತರಿಂದ ಒಂದು ದಿನದ ಮಟ್ಟಿಗೆ ಪಡೆದು ರೈಲಿನಲ್ಲಿ ಬಳಸಿದರೆ ಅರ್ಧ ದಾರಿಗೇ ಕಿವಿಯ ಮೇಲ್ಭಾಗ ನೋಯತೊಡಗಿತು, ವೀಣೆಯ ನಾದವೂ ತೆಳುವಾಗಿತ್ತು. ನಾನು ಕನ್ನಡಕ ಧರಿಸುತ್ತೇನೆ. ಮಗ ಎಲ್‌ಡ್ಯಾಕ್ (ಬ್ಲೂಟೂತ್‌ನಲ್ಲಿ ಸಂಗೀತ ಕಳಿಸುವ ಒಂದು ಕ್ರಮ) ಇರುವುದನ್ನೇ ಕೊಳ್ಳಿ ಎನ್ನುತ್ತಾನೆ. ಮೊದಲು ನೋಡಬೇಕಾದದ್ದು ಹಿತವನ್ನೋ, ಧ್ವನಿಯನ್ನೋ?

ಉತ್ತರ: ನೀವು ಹೇಳಿರುವ ಎರಡು ತೊಂದರೆಗಳಿಗೂ, ಅಂದರೆ ಕಿವಿಯ ನೋವಿಗೂ ವೀಣೆ ತೆಳುವಾದದ್ದಕ್ಕೂ, ಬಹುಮಟ್ಟಿಗೆ ಒಂದೇ ಕಾರಣವಿದೆ. ಅದು ನಿಮ್ಮ ಕನ್ನಡಕದ ಕಡ್ಡಿ. ಆದ್ದರಿಂದ ಹಿತ ಮೊದಲೋ ಧ್ವನಿ ಮೊದಲೋ ಎಂಬ ಪ್ರಶ್ನೆಯನ್ನು ನಾನು ಬೇರೆ ಬೇರೆಯಾಗಿ ಉತ್ತರಿಸಲಾರೆ. ಕಿವಿಯನ್ನು ಮುಚ್ಚುವ ಹೆಡ್‌ಫೋನಿನಲ್ಲಿ ಮೆತ್ತೆ ತಲೆಯ ಮೇಲೆ ಹೇಗೆ ಕೂರುತ್ತದೆ ಎಂಬುದೇ ಧ್ವನಿ ಹೇಗಿರುತ್ತದೆ ಎಂಬುದನ್ನು ಅರ್ಧದಷ್ಟು ನಿರ್ಧರಿಸಿಬಿಡುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೆಡ್‌ಫೋನಿನ ಒಳಗಿನ ಡ್ರೈವರ್ ಎಂಬ ತೆಳುಪೊರೆ ಮುಂದಕ್ಕೂ ಹಿಂದಕ್ಕೂ ಅಲುಗಿ, ಬಟ್ಟಲಿನೊಳಗೆ ಸಿಕ್ಕಿರುವ ಗಾಳಿಯನ್ನು ಒತ್ತುತ್ತದೆ, ಸಡಿಲಿಸುತ್ತದೆ. ಮೇಲಿನ ಸ್ವರಗಳಿಗೆ ಬಟ್ಟಲು ಸ್ವಲ್ಪ ತೆರೆದಿದ್ದರೂ ಹೆಚ್ಚಿನ ನಷ್ಟವಿಲ್ಲ. ಕೆಳಗಿನ ಸ್ವರಗಳ ಮಾತು ಹಾಗಲ್ಲ. ನಿಧಾನವಾಗಿ ಏರಿಳಿಯುವ ಆ ಒತ್ತಡಕ್ಕೆ ಎಲ್ಲಿಯಾದರೂ ಸಣ್ಣದೊಂದು ಸಂದಿ ಸಿಕ್ಕಿದರೆ ಸಾಕು, ಅದು ಕಿವಿಯ ತಮಟೆಯನ್ನು ತಲಪುವ ಬದಲು ಅಲ್ಲಿಂದ ಹೊರಗೆ ಹರಿದುಹೋಗುತ್ತದೆ. ಕನ್ನಡಕದ ಕಡ್ಡಿ ಮೆತ್ತೆಯನ್ನು ಎತ್ತಿ ಹಿಡಿದಾಗ ಅದರ ಮೇಲೂ ಕೆಳಗೂ ಉಳಿಯುವ ತ್ರಿಕೋನಾಕಾರದ ಸಂದಿ ಅಂಥದ್ದೇ. ಅದೇ ಕಡ್ಡಿಯನ್ನು ಮೆತ್ತೆ ಕಿವಿಯ ಬುಡದ ಎಲುಬಿಗೆ ಒತ್ತುವುದರಿಂದ ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ನೋವು ಶುರುವಾಗುತ್ತದೆ.

ವೀಣೆಗೆ ಇದರಿಂದ ಆಗುವ ಪೆಟ್ಟು ದೊಡ್ಡದು. ವೀಣೆಯ ಅನುಮಂದ್ರದ ತಂತಿ, ಅಂದರೆ ಎಲ್ಲಕ್ಕಿಂತ ತಗ್ಗು ಸ್ವರದ್ದು, ಶ್ರುತಿಗೆ ತಕ್ಕಂತೆ, 60–70 ಹರ್ಟ್ಸ್‌ನ (ಸೆಕೆಂಡಿಗೆ ಅಷ್ಟು ಕಂಪನಗಳ) ಆಸುಪಾಸಿಗೆ ಇಳಿಯುತ್ತದೆ. ಹಲಸಿನ ಮರದ ಕೊಡ ಆ ತಂತಿಗೆ ಕೊಡುವ ತುಂಬು ನಾದಕ್ಕೆ ಕೆಳಗಿನ ಸ್ವರಗಳ ಭಾಗ ಬೇಕೇ ಬೇಕು. ಸಂದಿಯಿಂದ ಮೊದಲು ಸೋರಿಹೋಗುವುದೂ ಇದೇ. ಉಳಿಯುವುದು ಮೀಟಿನ ಲೋಹದ ಸದ್ದು ಮಾತ್ರ. ನೀವು ‘ತೆಳು’ ಎಂದು ಬರೆದದ್ದು ಸರಿಯಾದ ಪದ.

ಸ್ನೇಹಿತರ ಹೆಡ್‌ಫೋನ್ ಇನ್ನೊಮ್ಮೆ ಕೈಗೆ ಸಿಕ್ಕರೆ ಮನೆಯಲ್ಲಿ ಹೀಗೆ ಮಾಡಿ ನೋಡಿ. ಮಂದ್ರಸ್ಥಾಯಿಯಲ್ಲಿ ಸಾವಕಾಶವಾಗಿ ನಡೆಯುವ ಒಂದು ವೀಣೆಯ ಆಲಾಪನೆಯನ್ನು ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಹೆಡ್‌ಫೋನನ್ನು ಅಲುಗಿಸದೆ, ಕನ್ನಡಕವನ್ನು ಮಾತ್ರ ಮುಂದಕ್ಕೆ ಮೆಲ್ಲನೆ ಎಳೆದು ತೆಗೆಯಿರಿ. ಮೆತ್ತೆ ಚರ್ಮಕ್ಕೆ ಕೂತ ಕ್ಷಣದಲ್ಲಿ ಕೊಡದ ನಾದ ಒಮ್ಮೆಲೇ ತುಂಬಿಕೊಂಡರೆ ದೋಷ ಹೆಡ್‌ಫೋನಿನ ಧ್ವನಿಯಲ್ಲಿಲ್ಲ, ಅದು ನಿಮ್ಮ ತಲೆಯ ಮೇಲೆ ಕೂರುವ ಬಗೆಯಲ್ಲಿದೆ ಎಂದು ತಿಳಿಯಿರಿ. ಏನೂ ವ್ಯತ್ಯಾಸವಾಗದಿದ್ದರೆ ಆ ಮಾದರಿಯ ಸ್ವಭಾವವೇ ತೆಳುವಾದದ್ದು. ಈಗಿನ ಕೆಲವು ಮಾದರಿಗಳು ಬಟ್ಟಲಿನ ಒಳಗಿರುವ ಮೈಕ್ರೊಫೋನಿನಿಂದ ಸೋರಿಕೆಯನ್ನು ಅಳೆದು ಕೆಳಸ್ವರಗಳನ್ನು ತಾವಾಗಿಯೇ ತುಸು ಏರಿಸಿಕೊಳ್ಳುತ್ತವೆ. ಕನ್ನಡಕ ಧರಿಸುವವರಿಗೆ ಇದು ನಿಜವಾದ ಉಪಕಾರ. ಅದರೊಂದಿಗೆ ಕನ್ನಡಕದ ಕಡ್ಡಿಯನ್ನೂ ನೋಡಿಕೊಳ್ಳಿ. ದಪ್ಪ ಪ್ಲಾಸ್ಟಿಕ್ಕಿನ ಅಗಲ ಕಡ್ಡಿಗಿಂತ ತೆಳುವಾದ ಲೋಹದ ಕಡ್ಡಿ ಎಷ್ಟೋ ಮೇಲು. ನೂರು ತಾಂತ್ರಿಕ ಗುಣಗಳನ್ನು ಹೋಲಿಸಿ ನೋಡುವುದಕ್ಕಿಂತ ಈ ಒಂದು ಬದಲಾವಣೆಯಿಂದ ನಿಮಗೆ ಹೆಚ್ಚು ಲಾಭವಾದೀತು.

ಇನ್ನು ಹಿತದ ಉಳಿದ ವಿಷಯಗಳು. ತೂಕವನ್ನು ಎಲ್ಲರೂ ಮೊದಲು ನೋಡುತ್ತಾರೆ, ನೋಡಲೂಬೇಕು. ಸೋನಿಯ ಡಬ್ಲ್ಯೂಎಚ್-1000ಎಕ್ಸ್‌ಎಂ5 ಸುಮಾರು 250 ಗ್ರಾಂ, ಸೆನ್‌ಹೈಸರ್ ಮೊಮೆಂಟಮ್ 4 ಸುಮಾರು 293 ಗ್ರಾಂ, ಆಪಲ್‌ನ ಏರ್‌ಪಾಡ್ಸ್ ಮ್ಯಾಕ್ಸ್ ಸುಮಾರು 385 ಗ್ರಾಂ ತೂಗುತ್ತವೆ. ಅಂಗಡಿಯಲ್ಲಿ ಐದು ನಿಮಿಷ ಹಾಕಿಕೊಂಡಾಗ ಈ ನೂರಿಪ್ಪತ್ತು ಮೂವತ್ತು ಗ್ರಾಂಗಳ ಅಂತರ ಗೊತ್ತಾಗದು. ದಿನಕ್ಕೆ ಮೂರು ನಾಲ್ಕು ಗಂಟೆ ಹೊರುವ ಕುತ್ತಿಗೆಗೆ ಗೊತ್ತಾಗುತ್ತದೆ. ಆದರೆ ಬರಿಯ ತೂಕ ಪೂರ್ತಿ ಕಥೆಯನ್ನು ಹೇಳುವುದಿಲ್ಲ. ತೂಕ ನೆತ್ತಿಯ ಒಂದೇ ಬಿಂದುವಿನ ಮೇಲೆ ಬೀಳುತ್ತದೆಯೋ ಪಟ್ಟಿಯ ಉದ್ದಕ್ಕೂ ಹಂಚಿಹೋಗುತ್ತದೆಯೋ, ಇಕ್ಕೆಲಗಳ ಹಿಡಿತ ಎಷ್ಟು ಬಿಗಿ ಎಂಬುದೂ ಅಷ್ಟೇ ಮುಖ್ಯ. ಹಿಡಿತ ಬಿಗಿಯಾದರೆ ನೆತ್ತಿಗೆ ಹಗುರ, ಕೆನ್ನೆಗೂ ಕನ್ನಡಕಕ್ಕೂ ಭಾರ. ಸಡಿಲವಾದರೆ ನೋವಿಲ್ಲ, ಆದರೆ ತಲೆ ಬಗ್ಗಿಸಿದಾಗ ಜಾರುತ್ತದೆ, ಕೆಳಸ್ವರ ಸೋರುತ್ತದೆ. ಹೊಸದರ ಬಿಗಿ ಕೆಲವು ವಾರಗಳಲ್ಲಿ ತುಸು ಸಡಿಲವಾಗುವುದುಂಟು. ಹಾಗೆಂದು, ಮೊದಲ ದಿನವೇ ನೋಯಿಸುವುದನ್ನು ಮುಂದೆ ಸರಿಹೋದೀತೆಂದು ನಂಬಿ ಕೊಳ್ಳಬೇಡಿ.

ಬಟ್ಟಲಿನ ಆಳವನ್ನು ಮಾತ್ರ ಬಹಳ ಜನ ಗಮನಿಸುವುದೇ ಇಲ್ಲ. ವಯಸ್ಕರ ಹೊರಗಿವಿ ಸುಮಾರು ಆರು ಸೆಂಟಿಮೀಟರ್ ಉದ್ದವಿರುತ್ತದೆ, ವಯಸ್ಸಾದಂತೆ ಇನ್ನಷ್ಟು ಉದ್ದವಾಗುತ್ತದೆ. ಮೆತ್ತೆಯ ಒಳಗಿನ ತೆರವು ಅಷ್ಟು ಉದ್ದವಿದ್ದರೂ ಆಳ ಸಾಲದಿದ್ದರೆ ಕಿವಿಯ ಅಂಚು ಒಳಗಿನ ಬಟ್ಟೆಗೆ ತಾಗುತ್ತದೆ. ಆರಂಭದಲ್ಲಿ ಅದು ನೋವಲ್ಲ, ಬರಿಯ ಒಂದು ಅರಿವು. ಅರ್ಧ ಗಂಟೆಯ ನಂತರ ಅದೇ ಉರಿಯಾಗುತ್ತದೆ. ಹಾಕಿಕೊಂಡ ಮೇಲೆ ದವಡೆಯನ್ನು ಅಗಿಯುವಂತೆ ಆಡಿಸಿ, ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ. ಕಿವಿಗೆ ಏನಾದರೂ ಸವರಿದಂತಾದರೆ ಆ ಬಟ್ಟಲು ನಿಮ್ಮದಲ್ಲ.

ಸೆಕೆಯ ಮಾತನ್ನೂ ಆಡಲೇಬೇಕು. ಈ ಹೆಡ್‌ಫೋನುಗಳ ವಿಮರ್ಶೆಗಳಲ್ಲಿ ಹೆಚ್ಚಿನವು ತಂಪು ದೇಶಗಳಲ್ಲಿ ಬರೆದವು. ಏಪ್ರಿಲ್ ತಿಂಗಳಲ್ಲಿ ಮಂಡ್ಯದ ನಿಲ್ದಾಣದಲ್ಲಿ ಕೃತಕ ಚರ್ಮದ ಮೆತ್ತೆಯನ್ನು ಕಿವಿಗೆ ಮುಚ್ಚಿಕೊಂಡು ನಿಂತರೆ ಹತ್ತು ನಿಮಿಷಕ್ಕೆ ಬೆವರು ಹನಿಯುತ್ತದೆ. ಬಟ್ಟೆಯ ಮೆತ್ತೆ ತಂಪು, ಆದರೆ ಗಾಳಿ ಹಾಯುವುದರಿಂದ ಅದು ಹೊರಗಿನ ಸದ್ದನ್ನು ಅಷ್ಟು ಚೆನ್ನಾಗಿ ತಡೆಯುವುದಿಲ್ಲ. ಇಲ್ಲಿ ಎರಡೂ ಕೈಯಲ್ಲಿ ಲಾಡು ಸಿಗುವುದಿಲ್ಲ. ರೈಲಿನ ಬಳಕೆಗೆ ಕೃತಕ ಚರ್ಮವನ್ನೇ ಒಪ್ಪಿಕೊಳ್ಳಬೇಕಾಗುತ್ತದೆ. ಒಂದು ಹತ್ತಿಯ ಕರವಸ್ತ್ರವನ್ನು ಜೊತೆಗಿಟ್ಟುಕೊಂಡು ತೆಗೆದಾಗಲೆಲ್ಲ ಮೆತ್ತೆಯನ್ನು ಒರೆಸಿ.

ಒರೆಸಿ ಎಂದು ಒತ್ತಿ ಹೇಳಲು ಕಾರಣವಿದೆ. ಸಂಗೀತ ಕಛೇರಿಗಳ ಧ್ವನಿಮುದ್ರಣ ನನ್ನ ಕಸುಬು. ಹೆಡ್‌ಫೋನಿಲ್ಲದೆ ನನ್ನ ದಿನ ಕಳೆಯುವುದಿಲ್ಲ. ಹಿಂದೊಮ್ಮೆ ಒಂದು ಹೆಸರಾಂತ ಕಂಪನಿಯ ದುಬಾರಿ ಹೆಡ್‌ಫೋನನ್ನು ಮಳೆಗಾಲ ಪೂರ್ತಿ ಅದರ ಪೆಟ್ಟಿಗೆಯಲ್ಲಿಯೇ ಮುಚ್ಚಿಟ್ಟಿದ್ದೆ. ತೆಗೆದು ಹಾಕಿಕೊಂಡರೆ ಅಂಗಿಯ ಕಾಲರಿನ ಮೇಲೆ ಕಪ್ಪು ಹೊಟ್ಟು ಉದುರಿತು. ಮೆತ್ತೆಯ ಮೇಲಿನ ಪಾಲಿಯುರೆಥೇನ್ ಪದರ ತೇವಕ್ಕೂ ಬೆವರಿಗೂ ಕಳಚಿಕೊಂಡು ಒಣಗಿದ ಬಾಳೆಯ ಪಟ್ಟೆಯಂತೆ ಸುಲಿಯುತ್ತಿತ್ತು. ಬದಲಿ ಮೆತ್ತೆಗಾಗಿ ಆ ಕಂಪನಿಯ ಸೇವಾಕೇಂದ್ರಕ್ಕೆ ಹೋದರೆ ಬಿಡಿಭಾಗ ಬರುವುದಿಲ್ಲ ಎಂದರು. ಧ್ವನಿ ಚೆನ್ನಾಗಿಯೇ ಇದ್ದ ಆ ಸಾಧನ ಮೂಲೆ ಸೇರಿತು. ಅಂದಿನಿಂದ ಯಾರು ಕೇಳಿದರೂ ನಾನು ಮೊದಲು ಹೇಳುವ ಮಾತು ಇದು: ಕೊಳ್ಳುವ ಮುನ್ನ ಆ ಮಾದರಿಯ ಮೆತ್ತೆ ಬಿಡಿಯಾಗಿ ಸಿಗುತ್ತದೆಯೇ, ಮನೆಯಲ್ಲೇ ಕಳಚಿ ಹಾಕಬಹುದೇ ಎಂದು ವಿಚಾರಿಸಿ. ಬ್ಯಾಟರಿಯ ವಿಷಯದಲ್ಲಿ ಚಿಂತೆ ಬೇಡ. ಸೋನಿಯದು ಸದ್ದಡಗಿಸುವ ವ್ಯವಸ್ಥೆಯೊಂದಿಗೆ 30 ಗಂಟೆ, ಸೆನ್‌ಹೈಸರ್‌ನದು 60 ಗಂಟೆ ಎಂದು ಕಂಪನಿಗಳು ಹೇಳುತ್ತವೆ. ಎರಡೂ ನಿಮ್ಮ ವಾರದ ಓಡಾಟಕ್ಕೆ ಒಂದೆರಡು ಚಾರ್ಜಿನಲ್ಲಿ ಸಾಕು.

ಸದ್ದಡಗಿಸುವ ವ್ಯವಸ್ಥೆ, ಅಂದರೆ ನಾಯ್ಸ್ ಕ್ಯಾನ್ಸಲೇಷನ್, ರೈಲಿನವರಿಗೆ ಬೇಕೇ ಬೇಕು. 1978ರಲ್ಲಿ ಬೋಸ್ ಕಂಪನಿಯ ಸ್ಥಾಪಕ ಅಮರ್ ಬೋಸ್ ಜ್ಯೂರಿಕ್‌ನಿಂದ ಅಮೆರಿಕಕ್ಕೆ ಹಿಂದಿರುಗುವಾಗ, ವಿಮಾನದವರು ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ ಸದ್ದಿನಿಂದಾಗಿ ಸಂಗೀತ ಕೇಳಲಾಗದೆ, ಆ ಪಯಣದಲ್ಲಿಯೇ ಲೆಕ್ಕ ಹಾಕಲು ಕೂತರು ಎಂಬುದು ಪ್ರಸಿದ್ಧ ಸಂಗತಿ. ಸಾಮಾನ್ಯ ಪ್ರಯಾಣಿಕರು ಕೊಳ್ಳಬಹುದಾದ ಬೋಸ್ ಹೆಡ್‌ಫೋನ್ ಬರಲು 2000ನೇ ಇಸವಿಯವರೆಗೆ ಕಾಯಬೇಕಾಯಿತು. ಹೊರಗಿನ ಸದ್ದನ್ನು ಮೈಕ್ರೊಫೋನಿನಿಂದ ಹಿಡಿದು, ಅದರ ತದ್ವಿರುದ್ಧ ಅಲೆಯನ್ನು ಡ್ರೈವರಿನಿಂದ ಹೊರಡಿಸಿ, ಎರಡೂ ಒಂದನ್ನೊಂದು ಅಳಿಸುವಂತೆ ಮಾಡುವುದು ಇದರ ತತ್ತ್ವ. ಎಡೆಬಿಡದೆ ಒಂದೇ ತೆರನಾಗಿ ಮೊರೆಯುವ ತಗ್ಗು ಸದ್ದನ್ನು, ಅಂದರೆ ಸುಮಾರು 1000 ಹರ್ಟ್ಸ್‌ಗಿಂತ ಕೆಳಗಿನದನ್ನು, ಇದು ಚೆನ್ನಾಗಿ ಅಡಗಿಸುತ್ತದೆ. ಬೋಗಿಯ ಗುಡುಗು, ಫ್ಯಾನಿನ ಮೊರೆತ ಕಾಣೆಯಾಗುತ್ತವೆ. ಮದ್ದೂರಿನಲ್ಲಿ ಹತ್ತಿ ‘ವಡೆ, ವಡೆ, ಬಿಸಿ ಬಿಸಿ ವಡೆ’ ಎಂದು ಕೂಗುವವರ ದನಿ ಕಾಣೆಯಾಗುವುದಿಲ್ಲ. ಮೇಲಿನ ಸ್ವರಗಳ ಆ ದನಿಯನ್ನು ತಡೆಯಬೇಕಾದದ್ದು ಮೆತ್ತೆಯೇ, ಮತ್ತೆ ಅದೇ ಸಂದಿಯ ಪ್ರಶ್ನೆ. ಕೆಲವರಿಗೆ ಈ ವ್ಯವಸ್ಥೆ ಶುರುವಾದ ಕೂಡಲೇ ಘಾಟಿ ಹತ್ತುವಾಗ ಕಿವಿ ಕಟ್ಟಿದಂತೆ ಅನ್ನಿಸುತ್ತದೆ. ಗಾಳಿಯ ಒತ್ತಡ ನಿಜವಾಗಿ ಬದಲಾಗಿರುವುದಿಲ್ಲ. ಆದರೆ ಅನುಭವ ನಿಜ, ಕೆಲವರಿಗೆ ತಲೆನೋವನ್ನೂ ತರುತ್ತದೆ. ನಿಮಗೆ ಹಾಗಾಗುತ್ತದೆಯೇ ಎಂದು ತಿಳಿಯಲು ಸಂಗೀತ ಹಾಕದೆ, ಆ ವ್ಯವಸ್ಥೆಯನ್ನಷ್ಟೇ ನಡೆಸಿ ಐದು ನಿಮಿಷ ಸುಮ್ಮನೆ ಕುಳಿತು ನೋಡಿ. ಅದರ ಪ್ರಮಾಣವನ್ನು ಕಡಿಮೆ ಮಾಡಲು ಆಪ್‌ನಲ್ಲಿ ಅವಕಾಶವಿರುವ ಮಾದರಿಯಾದರೆ ಇನ್ನೂ ಒಳ್ಳೆಯದು.

ಈಗ ಧ್ವನಿ. ಅಂಗಡಿಯಲ್ಲಿ ಮೂರೂ ಚೆನ್ನಾಗಿ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ದೇವರಾಜ ಅರಸು ರಸ್ತೆಯ ವಾಹನಗಳ ಸದ್ದು ಒಳಗೆ ಬರುತ್ತಿರುವಾಗ, ಅಂಗಡಿಯವರು ತಮ್ಮ ಫೋನಿನಿಂದ ಹಾಕುವ ಸಿನಿಮಾ ಹಾಡಿನಲ್ಲಿ, ಯಾವ ಹೆಡ್‌ಫೋನ್ ಜೋರಾಗಿದೆಯೋ ಅದೇ ಚೆನ್ನಾಗಿದೆ ಅನ್ನಿಸುತ್ತದೆ. ಇದು ಕಿವಿಯ ಸಹಜ ಸ್ವಭಾವ. ಒಂದೆರಡು ಡೆಸಿಬಲ್ ಏರಿದರೂ ನಮಗೆ ಅದು ‘ಜೋರು’ ಎಂದು ತೋರುವುದಿಲ್ಲ, ‘ಸ್ಪಷ್ಟ’ ಎಂದು ತೋರುತ್ತದೆ. ಆದ್ದರಿಂದ ಎರಡನ್ನು ಹೋಲಿಸುವಾಗ ಗಾಯಕರ ದನಿ ಎರಡರಲ್ಲೂ ಸಮನಾಗಿ ಕೇಳುವವರೆಗೆ ವಾಲ್ಯೂಮನ್ನು ಹೊಂದಿಸಿ, ಆಮೇಲೆ ತೀರ್ಪು ಕೊಡಿ. ನಿಮ್ಮ ಫೋನನ್ನೇ ಜೋಡಿಸಿ, ಬಾಯಿಪಾಠವಾಗುವಷ್ಟು ಸಲ ಕೇಳಿರುವ ಮುದ್ರಣವನ್ನೇ ಹಾಕಿ. ಮೇಲಿನ, ಕೆಳಗಿನ ಸ್ವರಗಳನ್ನು ಏರಿಸಿ ಇಳಿಸುವ ಆಪ್‌ನ ಈಕ್ವಲೈಜರನ್ನು ಯಾರೋ ತಿರುಚಿಟ್ಟಿದ್ದರೆ ಮೊದಲಿನ ಸ್ಥಿತಿಗೆ ತನ್ನಿ.

ಏನನ್ನು ಆಲಿಸಬೇಕು? ವೀಣೆ ಕೇಳುವ ನಿಮಗೆ ಇದರಲ್ಲಿ ಬೇರೆಯವರಿಗಿಂತ ಅನುಕೂಲವಿದೆ. ಮೈಸೂರಿನ ವೈಣಿಕರಾದ ಶೇಷಣ್ಣ, ವೆಂಕಟಗಿರಿಯಪ್ಪ, ದೊರೆಸ್ವಾಮಿ ಅಯ್ಯಂಗಾರ್ ಅವರ ಪರಂಪರೆಯ ವೀಣೆಯಲ್ಲಿ ಒಂದೊಂದು ಮೀಟಿಗೂ ಒಂದು ಆರಂಭ, ಒಂದು ಮೈ, ಒಂದು ಕೊನೆ ಇರುತ್ತದೆ. ಒಳ್ಳೆಯ ಹೆಡ್‌ಫೋನಿನಲ್ಲಿ ಮೀಟು ಚುಚ್ಚದೆ ಹರಿತವಾಗಿ ಕೇಳಬೇಕು. ತಂತಿಯನ್ನು ಮೆಟ್ಟಿಲಿನ ಮೇಲೆ ಎಳೆದು ಗಮಕ ಕೊಡುವಾಗ ನಾದ ಒಂದೇ ದಪ್ಪದಲ್ಲಿ ಹರಿದು ಹೋಗಬೇಕು. ಯಾವುದೋ ಒಂದು ಸ್ವರಕ್ಕೆ ಬಂದಾಗ ಮಾತ್ರ ಅದು ತಟ್ಟನೆ ಉಬ್ಬಿದರೆ ಅಥವಾ ಹಿಂದೆ ಸರಿದರೆ ಆ ಹೆಡ್‌ಫೋನಿನ ಧ್ವನಿಯಲ್ಲಿ ಏರುತಗ್ಗು ಇದೆ ಎಂದರ್ಥ. ಮೀಟಿನ ನಾದ ಆರುತ್ತಾ ಹೋಗಿ ತಂಬೂರಿಯ ಜೀವಾಳದ ಝೇಂಕಾರದೊಳಗೆ ಕರಗುವ ಆ ಕೊನೆಯ ಕ್ಷಣವನ್ನು ಹಿಂಬಾಲಿಸಿ. ಎಲ್ಲಿಯವರೆಗೆ ವೀಣೆ ಬೇರೆ, ತಂಬೂರಿ ಬೇರೆ ಎಂದು ಗುರುತಿಸಬಲ್ಲಿರೋ ಅಲ್ಲಿಯವರೆಗೆ ಸೂಕ್ಷ್ಮಗಳು ಉಳಿದಿವೆ.

ಮೃದಂಗದ ಎಡಬದಿಗೆ ಕಛೇರಿಗೆ ಮುನ್ನ ರವೆಯ ಕಣಕ ಮೆತ್ತುವುದನ್ನು ನೀವು ನೋಡಿರುತ್ತೀರಿ. ಆ ಬದಿಯ ಗುಮ್ಮೆನ್ನುವ ನಾದಕ್ಕೂ ಒಂದು ಶ್ರುತಿಯಿದೆ, ಒಂದು ಕೊನೆಯಿದೆ. ಕೆಳಸ್ವರವನ್ನು ಅತಿಯಾಗಿ ಉಬ್ಬಿಸಿದ ಹೆಡ್‌ಫೋನಿನಲ್ಲಿ ಎರಡು ಪೆಟ್ಟುಗಳ ನಡುವಿನ ತೆರವು ಮುಚ್ಚಿಹೋಗಿ, ನುಡಿಸುವವರ ಕೈ ಮಸುಕಾಗುತ್ತದೆ. ‘ಬೇಸ್ ಚೆನ್ನಾಗಿದೆ’ ಎಂದು ಮಾರಾಟವಾಗುವ ಬಹಳಷ್ಟು ಸಾಧನಗಳಲ್ಲಿ ಈ ದೋಷವಿದೆ.

ಮೇಲಿನ ಸ್ವರಗಳಿಗೆ ನಾನು ಬಳಸುವ ಪರೀಕ್ಷೆ ಕನ್ನಡ ವಾರ್ತೆ. ‘ಶಾಸನಸಭೆಯ ವಿಶೇಷ ಅಧಿವೇಶನ’ ಎಂಬಂಥ ಪದಗಳನ್ನು ಸ್ಪಷ್ಟ ಉಚ್ಚಾರದವರು ಓದುವಾಗ ಶ, ಷ, ಸ ಬೇರೆ ಬೇರೆಯಾಗಿ ಕೇಳಬೇಕು. ‘ಸ’ಕಾರ ಸೂಜಿಯಂತೆ ಚುಚ್ಚಿದರೆ 5000ದಿಂದ 8000 ಹರ್ಟ್ಸ್‌ವರೆಗಿನ ಭಾಗ ಏರಿದೆ, ಶ ಮತ್ತು ಸ ಒಂದೇ ಆಗಿಬಿಟ್ಟರೆ ಆ ಭಾಗ ಕುಗ್ಗಿದೆ. ಚುಚ್ಚುವ ಹೆಡ್‌ಫೋನ್ ಅಂಗಡಿಯಲ್ಲಿ ಬಹಳ ಸ್ಪಷ್ಟ ಎನಿಸುತ್ತದೆ, ಒಂದು ಗಂಟೆ ಕೇಳಿದರೆ ಆಯಾಸ ತರುತ್ತದೆ. ಆ ಆಯಾಸವನ್ನೂ ನಾನು ಹಿತದ ಲೆಕ್ಕಕ್ಕೇ ಸೇರಿಸುತ್ತೇನೆ.

ಬೆಲೆ ಹೆಚ್ಚಾದಷ್ಟೂ ಧ್ವನಿ ಮೇಲು ಎಂಬ ನಂಬಿಕೆಗೆ ಆಧಾರವಿಲ್ಲ. 2017ರಲ್ಲಿ ಸಂಶೋಧಕ ಯೆರೂನ್ ಬ್ರೇಬಾರ್ಟ್ 283 ಹೆಡ್‌ಫೋನ್‌ಗಳ ಅಳತೆಗಳನ್ನು ವಿಶ್ಲೇಷಿಸಿದಾಗ, ಧ್ವನಿಯ ಏರುತಗ್ಗಿನ ರೇಖೆಗೂ ಬೆಲೆಗೂ ಸಂಬಂಧ ಕಾಣಲಿಲ್ಲ. ಹೆಚ್ಚಿನ ಕೇಳುಗರಿಗೆ ಮೆಚ್ಚುಗೆಯಾಗುವುದು, ಒಳ್ಳೆಯ ಕೋಣೆಯಲ್ಲಿ ಇಟ್ಟ ಒಳ್ಳೆಯ ಸ್ಪೀಕರಿನಂತೆ ಕೇಳುವ ಹೆಡ್‌ಫೋನ್ ಎಂದು ಧ್ವನಿಸಾಧನಗಳನ್ನು ತಯಾರಿಸುವ ಹರ್ಮನ್ ಸಂಸ್ಥೆಯ ಶಾನ್ ಆಲಿವ್ ಮತ್ತು ಸಂಗಡಿಗರ ಪ್ರಯೋಗಗಳು ತೋರಿಸಿವೆ. ನೀವು ಕೊಡುವ 30 ಸಾವಿರದಲ್ಲಿ ದೊಡ್ಡ ಪಾಲು ಹೋಗುವುದು ಸದ್ದಡಗಿಸುವ ವ್ಯವಸ್ಥೆ, ಮೈಕ್ರೊಫೋನುಗಳು, ಕಟ್ಟುಮಸ್ತಾದ ರಚನೆ ಇವುಗಳಿಗೆ. ಅದು ವ್ಯರ್ಥವಲ್ಲ. ಆದರೆ ಧ್ವನಿಯನ್ನು ಕಿವಿಯಿಂದಲೇ ತೀರ್ಮಾನಿಸಬೇಕು, ಬೆಲೆಚೀಟಿಯಿಂದಲ್ಲ. ಡ್ರೈವರಿನ ಗಾತ್ರವೂ ಹಾಗೆಯೇ, ದೊಡ್ಡದೆಂದ ಮಾತ್ರಕ್ಕೆ ಮೇಲಲ್ಲ: ಸೋನಿ ತನ್ನ ನಾಲ್ಕನೆಯ ಮಾದರಿಯ 40 ಮಿಲಿಮೀಟರ್ ಡ್ರೈವರನ್ನು ಬಿಟ್ಟು ಐದನೆಯದಕ್ಕೆ 30 ಮಿಲಿಮೀಟರಿನದನ್ನು ಹಾಕಿತು.

ನಿಮ್ಮ ಮಗ ಹೇಳುವ ಎಲ್‌ಡ್ಯಾಕ್ ವಿಚಾರ. ಬ್ಲೂಟೂತ್ ದಾರಿಯಲ್ಲಿ ಸಂಗೀತವನ್ನು ಮಡಿಸಿ ಕಳಿಸುವ ಕ್ರಮಕ್ಕೆ ಕೋಡೆಕ್ ಎನ್ನುತ್ತಾರೆ. ಸಿ.ಡಿ.ಯ ಧ್ವನಿಗೆ ಸೆಕೆಂಡಿಗೆ 1411 ಕಿಲೋಬಿಟ್ ಬೇಕು. ಎಲ್‌ಡ್ಯಾಕ್ ಗರಿಷ್ಠ 990 ಕಿಲೋಬಿಟ್ ಸಾಗಿಸಬಲ್ಲದು, ಎಸ್‌ಬಿಸಿ ಎಂಬ ಸಾಮಾನ್ಯ ಕೋಡೆಕ್ ಸುಮಾರು 328. ಕಾಗದದ ಮೇಲೆ ಅಂತರ ದೊಡ್ಡದು. ಆದರೆ ನಿಮ್ಮದು ಐಫೋನ್ ಆಗಿದ್ದರೆ ಮಾತು ಅಲ್ಲಿಗೇ ಮುಗಿಯಿತು, ಅದರಲ್ಲಿ ಎಲ್‌ಡ್ಯಾಕ್ ಇಲ್ಲ. ಆಂಡ್ರಾಯ್ಡ್ ಆಗಿದ್ದರೂ, ಹತ್ತಾರು ಫೋನುಗಳು ಒಂದೇ ಅಲೆಪಟ್ಟಿಯಲ್ಲಿ ಮಾತಾಡುತ್ತಿರುವ ಕಿಕ್ಕಿರಿದ ಬೋಗಿಯಲ್ಲಿ ಅದು 660ಕ್ಕೋ 330ಕ್ಕೋ ಇಳಿಯುತ್ತದೆ, ಇಲ್ಲವೆ ಹಾಡು ತುಂಡುತುಂಡಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಮೂಲ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಬಾನುಲಿ ನಿಲಯ ತೆರೆದ ಮೈಸೂರು ನಮ್ಮದು. ನಮ್ಮ ಅಮೂಲ್ಯ ವೀಣಾವಾದನಗಳಲ್ಲಿ ಎಷ್ಟೋ ಇಂದಿಗೂ ಉಳಿದಿರುವುದು ಹಳೆಯ ಟೇಪುಗಳಲ್ಲಿ, ರೇಡಿಯೊದಿಂದ ಇಳಿಸಿಕೊಂಡ ಪ್ರತಿಗಳಲ್ಲಿ. ಅವುಗಳಲ್ಲಿ ಮೇಲಿನ ಸ್ವರಗಳು ಮೊದಲೇ ಇಲ್ಲ, ಯಾವ ಕೋಡೆಕ್ಕೂ ಅವನ್ನು ಹುಟ್ಟಿಸಲಾರದು. ಎಲ್‌ಡ್ಯಾಕ್ ಇದ್ದರೆ ಇರಲಿ, ಅದಕ್ಕಾಗಿ ಕಿವಿಗೆ ಒಗ್ಗದ ಹೆಡ್‌ಫೋನನ್ನು ಆರಿಸಬೇಡಿ.

ಒಂದು ಮಾತನ್ನು ಸಲಿಗೆಯಿಂದ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನಮ್ಮ ವಯಸ್ಸಿನಲ್ಲಿ ಮೇಲಿನ ಸ್ವರಗಳು ಮೆಲ್ಲಮೆಲ್ಲನೆ ಕಡಿಮೆಯಾಗುತ್ತವೆ, ಪೆಟ್ಟಿಗೆಯ ಮೇಲೆ ಅಚ್ಚಾದ 40,000 ಹರ್ಟ್ಸ್ ಯಾವ ವಯಸ್ಸಿನವರಿಗೂ ಕೇಳುವಂಥದ್ದಲ್ಲ. ಎರಡು ಕಿವಿಗಳೂ ಒಂದೇ ಸಮ ಇಲ್ಲದಿರುವುದೂ ಉಂಟು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇರುವಾಗ, 30 ಸಾವಿರ ಕೊಡುವ ಮುನ್ನ ಒಂದು ಶ್ರವಣ ಪರೀಕ್ಷೆ ಮಾಡಿಸಿಕೊಳ್ಳುವುದು ವಿವೇಕ. ಒಂದು ಕಿವಿಯಲ್ಲಿ ವೀಣೆ ಮಂಕಾಗಿ ಕೇಳಿದರೆ ಅದಕ್ಕೆ ಕಾರಣ ಹೆಡ್‌ಫೋನೋ ಕಿವಿಯೋ ಎಂಬುದು ಆಗ ತಿಳಿಯುತ್ತದೆ. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರತಿ 3 ಡೆಸಿಬಲ್ ಏರಿಕೆಗೂ ಅವಧಿ ಅರ್ಧವಾಗುತ್ತದೆ. ನೀವು ವಾರಕ್ಕೆ ಸುಮಾರು 20 ಗಂಟೆ ಕೇಳುತ್ತೀರಿ, ಹಾಗಾಗಿ ನಿಮ್ಮ ಮಿತಿ 83. ಹೊರಗಿನ ಮೊರೆತ ಅಡಗಿದರೆ ವಾಲ್ಯೂಮ್ ಏರಿಸುವ ಆಸೆಯೂ ಅಡಗುತ್ತದೆ, ಸದ್ದಡಗಿಸುವ ವ್ಯವಸ್ಥೆಯ ನಿಜವಾದ ಉಪಯೋಗ ನನ್ನ ದೃಷ್ಟಿಯಲ್ಲಿ ಇದೇ.

ನಿಮ್ಮ ಸ್ಥಿತಿಯಲ್ಲಿ ನಾನಿದ್ದರೆ 250ರಿಂದ 300 ಗ್ರಾಂ ಒಳಗಿನ, ಮೃದುವಾದ ದಪ್ಪ ಮೆತ್ತೆಯ, ಹಿಡಿತ ಹದವಾಗಿರುವ ಮಾದರಿಯನ್ನಷ್ಟೇ ಪಟ್ಟಿಯಲ್ಲಿಟ್ಟುಕೊಳ್ಳುತ್ತೇನೆ. ಭಾನುವಾರದ ಗದ್ದಲ ಬಿಟ್ಟು, ವಾರದ ನಡುವೆ ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋಗಿ, ಕನ್ನಡಕ ಹಾಕಿಕೊಂಡೇ ಒಂದೊಂದನ್ನು ಅರ್ಧ ಗಂಟೆಯಾದರೂ ತಲೆಯ ಮೇಲಿಟ್ಟುಕೊಂಡು ಕೂರುತ್ತೇನೆ. ಒಪ್ಪದಿದ್ದರೆ ಹಿಂದಕ್ಕೆ ಪಡೆಯುತ್ತೀರಾ ಎಂದು ಹಣ ಕೊಡುವ ಮೊದಲೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಕೆಟ್ಟಿದ್ದರೆ ಮಾತ್ರ ಬದಲಿಸಿಕೊಡುತ್ತೇವೆ, ಹಿತವಾಗದಿದ್ದರೆ ಇಲ್ಲ ಎನ್ನುವವರೇ ಹೆಚ್ಚು. ಒಪ್ಪಿದರೆ, ಮರುದಿನದ ರೈಲೇ ನಿಮ್ಮ ಪರೀಕ್ಷಾಕೊಠಡಿ. ಮಂಡ್ಯದಲ್ಲಿ ಹತ್ತಿ ಕೂತು ಹಾಕಿಕೊಳ್ಳಿ. ಚನ್ನಪಟ್ಟಣ ಬರುವಷ್ಟರಲ್ಲಿ ಕೈ ತಾನಾಗಿಯೇ ಕಿವಿಯ ಕಡೆ ಹೋದರೆ ಸಂಜೆಯೇ ಹಿಂದಿರುಗಿಸಿ. ಕೆಂಗೇರಿ ಬಂದಾಗಲೂ ತೆಗೆಯುವ ಯೋಚನೆ ಬಾರದಿದ್ದರೆ ಬಿಲ್ಲನ್ನು ಜೋಪಾನವಾಗಿಡಿ, ಒಂದು ಜೊತೆ ಬದಲಿ ಮೆತ್ತೆಯನ್ನೂ ತರಿಸಿಟ್ಟುಕೊಳ್ಳಿ.